ಮಾವನವರಿಗೆ ಇಂಟರ್ನೆಟ್ ಹಚ್ಚಿಕೊಟ್ಟದ್ದು

ನನಗೊಂದು ಚಟವಿದೆ. ಕಂಪ್ಯೂಟರಿನ ಮುಂದೆ ಕೂತು ಇಂಟರ್ನೆಟ್ ತೆರೆಯುವ ಮೊದಲು ಅಡುಗೆಮನೆಯ ಕಡೆ ಮುಖ ತಿರುಗಿಸಿ, "ಯಾರೂ ಫೋನ್ ಎತ್ತಬ್ಯಾಡ್ರಿ" ಎಂದು ಕೂಗುತ್ತೇನೆ. ಹಾಗೆ ಕೂಗಬೇಕಾದ ಕಾಲ ಹೋಗಿ ಎಷ್ಟೋ ವರ್ಷಗಳಾದವು. ಈಗ ನಮ್ಮ ಮನೆಯಲ್ಲಿ ಎತ್ತುವಂಥ ಫೋನೇ ಇಲ್ಲ. ಮಗಳು ನಕ್ಕು, "ಯಾವ ಫೋನ್ ಬೇ ಅವ್ವಾ?" ಅನ್ನುತ್ತಾಳೆ. ಉತ್ತರ ಕೊಡಲು ಹೋದರೆ ಉದ್ದವಾಗುತ್ತದೆಂದು ಸುಮ್ಮನಾಗುತ್ತೇನೆ. ಗಣಿತ ಕಲಿಸುವವಳು ನಾನು. ಒಂದೇ ಸಾಲಿನಲ್ಲಿ ಮುಗಿಯದ ಉತ್ತರವನ್ನು ನಡುವೆ ಬಿಟ್ಟು ಏಳುವುದು ನನಗೆ ಆಗಿಬರುವುದಿಲ್ಲ.

ಮೊನ್ನೆ ವೈಫೈ ಕೂಡಿಸಲು ಒಬ್ಬರು ಬಂದಿದ್ದರು. ಗೋಡೆಗೆ ಒಂದು ಬಿಳಿ ಡಬ್ಬಿ ಹೊಡೆದರು, ಮೊಬೈಲಿನಲ್ಲಿ ಏನನ್ನೋ ಒತ್ತಿದರು, ನಾನು ಚಹಾ ಸೋಸಿ ತರುವುದರೊಳಗೆ "ಆತ್ರೀ ಮೇಡಂ" ಎಂದು ಚಪ್ಪಲಿ ಮೆಟ್ಟಿ ನಿಂತಿದ್ದರು. ಆತು ಅಂದರೆ ಏನು ಆತು? ಯಾರೂ ಯಾರನ್ನೂ ಬೈಯಲಿಲ್ಲ, ಯಾರೂ ತಲೆಯ ಮೇಲೆ ಕೈ ಹೊತ್ತು ಕೂಡಲಿಲ್ಲ, ಕರೆಂಟು ಕೂಡ ಹೋಗಲಿಲ್ಲ. ಅವರು ಹೋದ ಮೇಲೆ ಆ ಡಬ್ಬಿಯ ಹಸಿರು ದೀಪ ನೋಡುತ್ತ ಕೂತವಳಿಗೆ, ಇದೇ ಪಡಸಾಲೆಯಲ್ಲಿ ಒಂದು ಬೇಸಗೆಯಿಡೀ ಇಂಟರ್ನೆಟ್ಟಿನ ಜೊತೆ ನಾನು ನಡೆಸಿದ ಜಗಳ ನೆನಪಾಯಿತು. ಅದರ ಜೊತೆಗೆ ಮಾವನವರೂ.

ನಮ್ಮ ಮಾವನವರು ಜಮಖಂಡಿಯ ಕೋರ್ಟಿನಲ್ಲಿ ವಕೀಲರು. ಬಾಪೂರಾವ್ ವಕೀಲರು ಎಂದರೆ ಊರಿಗೆಲ್ಲ ಗೊತ್ತು. ಮುಖಕ್ಕಿಂತ ಹೆಚ್ಚಾಗಿ ದನಿಯಿಂದ ಗೊತ್ತು. ಕೋರ್ಟಿನ ಹೊರಗೆ ಬೇವಿನ ಗಿಡದ ನೆರಳಿಗೆ ನಿಂತ ಕಕ್ಷಿದಾರರಿಗೆ ಒಳಗೆ ತಮ್ಮ ಕೇಸು ಎಲ್ಲಿಗೆ ಬಂತೆಂದು ಯಾರೂ ಹೇಳಬೇಕಿರಲಿಲ್ಲವಂತೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿ ಬೀಳಗಿ ಕಡೆಯ ಹೊಲಗಳು ಮುಳುಗತೊಡಗಿದ ಮೇಲೆ ಭೂಸ್ವಾಧೀನದ ದಾವೆಗಳು ಬಹಳ ಬಂದವು. ಮುಂಜಾನೆ ನಾನು ಬನಹಟ್ಟಿಯ ಸಾಲೆಗೆ ಬಸ್ಸು ಹಿಡಿಯಲು ಹೊರಡುವ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ತಲೆಗೆ ಪಟಗಾ ಸುತ್ತಿದ ರೈತರು ಕೂತಿರುತ್ತಿದ್ದರು. ನೀರೊಳಗೆ ಹೋದ ಬಾವಿ, ಬದು, ಮಾವಿನ ಗಿಡಗಳನ್ನು ಅವರು ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಅದನ್ನೇ ದೊಡ್ಡ ದನಿಯಲ್ಲಿ ಹೇಳುವುದು ಮಾವನವರ ಕೆಲಸವಾಗಿತ್ತು.

ಆ ದನಿ ಮನೆಯಲ್ಲೂ ಇಳಿಯುತ್ತಿರಲಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾದದ್ದು ಎದುರು ಮನೆಗೂ ತಿಳಿಯುತ್ತಿತ್ತು. ಆದರೆ ನನ್ನೊಡನೆ ಮಾತ್ರ ಅವರು ನೇರವಾಗಿ ಮಾತಾಡಿದ್ದು ಕಡಿಮೆ. ಸಿಟ್ಟಿನಿಂದಲ್ಲ, ಸೊಸೆಯೊಡನೆ ಏನು ಮಾತಾಡಬೇಕೆಂದು ತಿಳಿಯದೆ. ನನಗೇನಾದರೂ ಹೇಳಬೇಕಾದರೆ ಅತ್ತೆಗೆ ಹೇಳುತ್ತಿದ್ದರು. ನಾನು ಅಲ್ಲೇ ನಿಂತಿದ್ದರೂ ಅತ್ತೆ ಅದನ್ನು ಮತ್ತೊಮ್ಮೆ ನನಗೆ ಹೇಳುತ್ತಿದ್ದರು. ನಾನು ಕೊಟ್ಟ ಉತ್ತರವೂ ಅದೇ ದಾರಿಯಲ್ಲಿ ತಿರುಗಿ ಹೋಗುತ್ತಿತ್ತು. ಮದುವೆಯಾದ ಹೊಸತರಲ್ಲಿ ನಗು ಬರುತ್ತಿತ್ತು, ಆಮೇಲೆ ರೂಢಿಯಾಯಿತು. ಮುಧೋಳದ ಬ್ಯಾಂಕಿಗೆ ಹೋಗುವ ನಮ್ಮವರಿಗೆ ಒಮ್ಮೆ ಇದನ್ನು ಹೇಳಿದ್ದಕ್ಕೆ, "ಅಪ್ಪಾ ನನ್ನ ಜೋಡೀನೂ ಹಂಗ ಮಾತಾಡ್ತಾನ. ನಿನಗರೆ ಅವ್ವನ ಕಡಿಂದ ಬಂದ ಮಾತು ಕೇಳತಾವು, ನನಗ ಅದೂ ಇಲ್ಲ" ಎಂದು ನಕ್ಕುಬಿಟ್ಟಿದ್ದರು.

ಅಂಥ ಮನುಷ್ಯನ ಗಂಟಲಲ್ಲಿ ಗಂಟು ಬಂತು. ಮಿರಜಿನ ದವಾಖಾನೆಗೆ ಹೋದೆವು. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಜೀವ ಉಳಿಯಬೇಕಾದರೆ ದನಿಪೆಟ್ಟಿಗೆ ತೆಗೆಯಬೇಕು. ಮಾವನವರು ಒಂದೇ ಪ್ರಶ್ನೆ ಕೇಳಿದರು. "ಹಂಗಾರ ಈ ತಾರೀಖಿಗೆ ಇದ್ದ ಕೇಸ್ ಮುಗಿಸಿ ಬರಲೇನ್ರೀ?" ಡಾಕ್ಟರು ಬೇಡವೆಂದರು. ಅದು ನಾವು ಕೇಳಿದ ಅವರ ಕೊನೆಯ ವಾದ. ಸೋತರು.

ಮನೆಗೆ ಬಂದಾಗ ಅವರ ಕುತ್ತಿಗೆಯಲ್ಲಿ ಉಸಿರಿಗೆಂದು ಮಾಡಿದ ಸಣ್ಣ ತೂತು, ಅದರ ಮೇಲೆ ಬಿಳಿಯ ತೆಳು ಬಟ್ಟೆ. ಅನ್ನನಾಳದಿಂದ ಗಾಳಿ ತಳ್ಳಿ ಮಾತಾಡುವ ಒಂದು ಬಗೆಯಿದೆ, ಕಲಿಯಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಒಂದು ದಿನ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದರು. ಹೊರಬಂದ ಸಪ್ಪಳಕ್ಕೆ ತಾವೇ ಬೆಚ್ಚಿರಬೇಕು, ಮತ್ತೆ ಅದರ ತಂಟೆಗೆ ಹೋಗಲಿಲ್ಲ. ಮಗಳ ಹಳೆಯ ಪಾಟಿ ಬಳಪ ಅವರ ಕೈಗೆ ಬಂದವು. ಅವರ ಅಕ್ಷರವೋ, ವಕೀಲರ ಅಕ್ಷರ. ಅತ್ತೆಗೆ ಓದಲು ಬರದು, ನಮ್ಮವರಿಗೆ ತಾಳ್ಮೆ ಇಲ್ಲ. ಎಂಥೆಂಥ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕಣ್ಣು ನನ್ನದು. ಹೀಗಾಗಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಈಗ ಅವರು ಅತ್ತೆಗೆ ಹೇಳಬೇಕಾದದ್ದೂ ನನ್ನ ಬಾಯಿಂದಲೇ ಹೋಗಬೇಕಾಯಿತು. ದಾರಿ ತಿರುಗಿತ್ತು. ನಗುವಂಥ ದಿನಗಳಾಗಿದ್ದರೆ ನಾವಿಬ್ಬರೂ ನಗುತ್ತಿದ್ದೆವೇನೋ.

ಮಾವನವರಿಗೆ ಒಬ್ಬಳು ಅಕ್ಕ, ಇಂದೂತಾಯಿ. ಜಮಖಂಡಿಯಲ್ಲೇ ಹುಟ್ಟಿ ಬೆಳೆದು ಕೊಲ್ಹಾಪುರಕ್ಕೆ ಮದುವೆಯಾಗಿ ಹೋದವರು. ತಾಯಿ ಬೇಗ ತೀರಿಕೊಂಡಿದ್ದರಿಂದ ಈ ತಮ್ಮನನ್ನು ಎತ್ತಿ ಆಡಿಸಿ, ಹೊಡೆದು, ಉಣಿಸಿ ದೊಡ್ಡವನನ್ನಾಗಿ ಮಾಡಿದ್ದು ಅವರೇ. ಗಂಡನ ಮನೆಯಲ್ಲಿ ಜನ್ಮವೆಲ್ಲ ಮರಾಠಿ ಮಾತಾಡಿದರೂ ತಮ್ಮನ ಜೊತೆ ಮಾತ್ರ ಕನ್ನಡವೇ. ಪ್ರತಿ ರವಿವಾರ ಮುಂಜಾನೆ ಅವರ ಫೋನು. ಆಗ ಮಾವನವರು ಒಂದು ಕೈ ಸೊಂಟಕ್ಕಿಟ್ಟು, ಕಿಡಕಿಯ ಕಡೆ ಮುಖ ಮಾಡಿ ಮಾತಾಡುತ್ತಿದ್ದುದನ್ನು ಕೇಳಿದರೆ ನಡುವೆ ತಂತಿಯ ಅಗತ್ಯವೇ ಇಲ್ಲ ಅನ್ನಿಸುತ್ತಿತ್ತು.

ಆಪರೇಷನ್ ಆದ ಹೊತ್ತಿಗೆ ಇಂದೂತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಬರಲಾಗಲಿಲ್ಲ. ಸಂಗತಿಯೆಲ್ಲ ತಿಳಿದಿತ್ತು, ಆದರೂ ರವಿವಾರ ಫೋನ್ ಬಂತು. ಮಾವನವರು ಕಿವಿಗೆ ಹಿಡಿದು ಕೂತರು. ಅವರು ಉಗುರಿನಿಂದ ರಿಸೀವರಿನ ಮೇಲೆ ಟಕ್ಕೆಂದು ಬಡಿದರೆ ಹೌದು, ಟಕಟಕ ಎಂದರೆ ಅಲ್ಲ ಎಂದು ನಾನು ಇಂದೂತಾಯಿಗೆ ಮೊದಲೇ ಹೇಳಿದ್ದೆ. ಕೆಲವು ವಾರ ನಡೆಯಿತು. ಒಂದು ರವಿವಾರ ಆ ತುದಿಯ ಮಾತು ನನಗೂ ಕೇಳಿಸಿತು.

"ಬಾಪೂ, ಬಡೀಬ್ಯಾಡೋ. ಒಂದ ಸಲ ಅಕ್ಕಾ ಅನ್ನೋ. ಹೆಂಗರೆ ಮಾಡಿ ಅನ್ನೋ."

ಮಾವನವರ ತುಟಿ ಆಡಿತು. ದನಿಯಿಲ್ಲದ ಅಕ್ಕಾ ಒಂದು ಬಂದದ್ದನ್ನು ನಾನು ಕಣ್ಣಿನಿಂದ ಕಂಡೆ. ಕೊಲ್ಹಾಪುರಕ್ಕೆ ಅದು ಕಾಣುವಂತಿರಲಿಲ್ಲ. ಆಕೆ ಅಳುತ್ತಿದ್ದಂತೆ ಇವರು ಫೋನು ಕೆಳಗಿಟ್ಟರು. ಮುಂದಿನ ರವಿವಾರ ಗಂಟೆ ಬಾರಿಸುವ ಮೊದಲೇ ಅಂಗಿ ತೊಟ್ಟು ಕೆರೆಯ ಕಡೆ ಹೋಗಿಬಿಟ್ಟರು. ಅದರ ಮುಂದಿನ ರವಿವಾರವೂ. ಬೀಳಗಿ ಕಡೆಯ ಕಕ್ಷಿದಾರರು ಮಾತಾಡಿಸಲು ಬಂದರೆ ಒಳಕೋಣೆಗೆ ಹೋಗಿ ಮಲಗುತ್ತಿದ್ದರು. ಪಾಟಿಯ ಮೇಲೂ ಅಕ್ಷರ ಕಡಿಮೆಯಾದವು. ಅತ್ತೆ ರೊಟ್ಟಿ ತಟ್ಟುತ್ತಲೇ ಒಂದು ದಿನ ಹೇಳಿದರು: "ದನಿ ಅಷ್ಟ ತಗದಾರ ಅಂತ ತಿಳದಿದ್ನೆವ್ವಾ. ಈ ಮನಶಾನ ಒಳಗಿಂದೂ ತಗದಾರೇನೋ ಅನಸಾಕತ್ತೈತಿ."

ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇತ್ತು. ಸಾಲೆಯ ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು ಹಟ ಹಿಡಿದು ತರಿಸಿದ್ದೆ. ತಂದ ದಿನ ಮಾವನವರು ಅತ್ತೆಗೆ, "ಕೋರ್ಟಿನ್ಯಾಗ ಟೈಪ್‌ರೈಟರ್ ಮ್ಯಾಲ ಎಲ್ಲಾ ನಡದೈತಿ. ಈ ಟಿವಿ ಯಾಕ ಬೇಕಾಗಿತ್ತಂತ?" ಎಂದಿದ್ದರು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆಯೊಂದನ್ನು ಹೊದಿಸಿ ಪಡಸಾಲೆಯ ಮೂಲೆಯಲ್ಲಿಟ್ಟಿದ್ದೆವು. ಇಂದೂತಾಯಿಯ ಸೊಸೆ ವೈಶಾಲಿಯ ಮನೆಯಲ್ಲಿ ಇಂಟರ್ನೆಟ್ ಇತ್ತು. ಒಬ್ಬರು ಟೈಪು ಮಾಡಿದ್ದು ಆ ಕ್ಷಣವೇ ಇನ್ನೊಬ್ಬರಿಗೆ ಕಾಣುತ್ತದೆ, ಚಾಟ್ ಅನ್ನುತ್ತಾರೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಸಾಲೆಗೆ ಬೇಸಗೆಯ ಸೂಟಿ ಶುರುವಾಗಿತ್ತು. ಇಂಟರ್ನೆಟ್ ಹಚ್ಚಿಯೇ ಬಿಡುವುದು ಎಂದುಕೊಂಡೆ.

ಹಚ್ಚುವುದು ಎಂದರೆ ದೀಪ ಹಚ್ಚಿದಷ್ಟು ಸುಲಭ ಎಂದು ತಿಳಿದಿದ್ದೆ ನೋಡಿ! ಫೋನಿನ ತಂತಿಯನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಬೇಕು. ಒಳಗಿರುವ ಮೊಡೆಮ್ ಎಂಬ ಸಾಧನ ನಮ್ಮ ಹಾಗೆಯೇ ನಂಬರು ತಿರುಗಿಸಿ ಆ ಕಡೆಯವರನ್ನು ಮಾತಾಡಿಸಬೇಕು. ಅದಕ್ಕೆ ಹೆಸರು ಹೇಳಬೇಕು, ಗುಪ್ತಪದ ಹೇಳಬೇಕು, ಯಾವ ನಂಬರು, ಯಾವ ಊರು, ಯಾವ ದೇಶ ಎಲ್ಲ ಹೇಳಬೇಕು. ಒಂದು ಕಿಡಕಿ ತೆರೆದರೆ ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಎಲ್ಲ ಕಿಡಕಿಯಲ್ಲೂ ಸಣ್ಣ ಸಣ್ಣ ಚೌಕ, ಚೌಕದಲ್ಲಿ ಸರಿ ಗುರುತು. ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು, ಒಬ್ಬರಿಗೂ ಗೊತ್ತಿಲ್ಲ. ಮೊದಲನೆಯ ದಿನ ಒಂದು ಕಿಡಕಿಯಲ್ಲಿ ನೋಡಿದರೆ ನಮ್ಮ ಕಂಪ್ಯೂಟರು ತಾನು ಅಮೆರಿಕದಲ್ಲಿದ್ದೇನೆಂದು ಬರೆದುಕೊಂಡು ಕೂತಿತ್ತು! ತಂದಂದಿನಿಂದ ಪ್ರಶ್ನೆಪತ್ರಿಕೆ ಟೈಪು ಮಾಡುತ್ತಿದ್ದೇನೆ, ಪಾಪ, ಅದು ತಾನಿರುವ ಊರು ಯಾವುದೆಂದೇ ತಿಳಿಯದೆ ನನ್ನ ಭಿನ್ನರಾಶಿಗಳನ್ನು ಬರೆದುಕೊಡುತ್ತಿತ್ತು. ದೇಶ ಭಾರತವೆಂದು ತಿದ್ದಿ ನಮ್ಮ ಊರಿನ ಕೋಡ್ ಬರೆದಾಗ ಅದನ್ನು ಬಸ್‌ಸ್ಟ್ಯಾಂಡಿನಿಂದ ಕೈಹಿಡಿದು ಮನೆಗೆ ಕರೆತಂದಷ್ಟು ಹಿಗ್ಗಾಯಿತು.

ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಡಯಲ್ ಎಂದು ಒತ್ತಿದರೆ ಒಂದಷ್ಟು ಹೊತ್ತು ಸುಮ್ಮನಿದ್ದು, "ಡಯಲ್ ಟೋನ್ ಇಲ್ಲ" ಎಂಬ ಮಾತು ತೆರೆಯ ಮೇಲೆ ಬರುತ್ತಿತ್ತು. ಫೋನ್ ಎತ್ತಿ ಕಿವಿಗಿಟ್ಟರೆ ಟೋನು ಗುಂಯ್ ಎಂದು ಇದೆ. ಮತ್ತೆ ಒತ್ತಿದರೆ ಇಲ್ಲ ಅನ್ನುತ್ತದೆ. ಇದೆ, ಇಲ್ಲ, ಇದೆ, ಇಲ್ಲ. ತಂತಿ ಬಿಚ್ಚಿ ಸಿಕ್ಕಿಸಿದೆ. ಬೇರೆ ತಂತಿ ತಂದೆ. ಲೈನ್‌ಮನ್ ಬಂದು ನೋಡಿ, "ಲೈನ್ ಛಲೋ ಐತ್ರೀ" ಎಂದರು, ಅದೂ ಖರೆಯೇ. ಬನಹಟ್ಟಿಯ ಕಂಪ್ಯೂಟರ್ ಅಂಗಡಿಯವರನ್ನು ಕೇಳಿದರೆ ಮೊಡೆಮ್ ಹೋಗಿರಬೇಕೆಂದರು. ಅಂಗಡಿಯ ಹಿಂದೆ ಮಗ್ಗಗಳ ಖಟಾಖಟಿ ಎಷ್ಟಿತ್ತೆಂದರೆ ನನ್ನ ಅರ್ಧ ಮಾತು ಅವರಿಗೆ, ಅವರ ಅರ್ಧ ಮಾತು ನನಗೆ ಕೇಳಿಸಲಿಲ್ಲ. ನಮ್ಮವರು ಸಂಜೆ ಮುಧೋಳದಿಂದ ಬಂದವರು ನನ್ನ ಮುಖ ನೋಡಿ, "ಬಿಡಬೇ ಅತ್ಲಾಗ. ಅದಕ್ಕೂ ಮಾತು ಬರವಲ್ದು, ಅಪ್ಪಗೂ ಬರವಲ್ದು" ಎಂದರು. ಅಂದ ಮೇಲೆ ಅವರಿಗೇ ಕೆಟ್ಟೆನಿಸಿ ಹಿತ್ತಲಿಗೆ ಹೋದರು.

ಈ ದಿನಗಳಲ್ಲಿ ಮಾವನವರು ನನ್ನ ಹಿಂದಿನ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು. ಯಾತಕ್ಕಾಗಿ ಇಷ್ಟು ಒದ್ದಾಟವೆಂದು ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಆದರೆ ಪೇಪರಿನ ಹಾಳೆ ಬಹಳ ಹೊತ್ತು ತಿರುಗುತ್ತಿರಲಿಲ್ಲ ಎಂಬುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ ಹೀಗೇ ಒತ್ತಿ ಕೂತಿದ್ದೆ. ಹಿಂದಿನಿಂದ ಪಾಟಿ ನನ್ನ ಭುಜಕ್ಕೆ ತಾಕಿತು. ಅದರ ಮೇಲೆ ಬರೆದಿತ್ತು: "ಅದು ನಂಬರ್ ತಿರಗಸಾಕತ್ತಿಲ್ಲ. ಕಾಯಾಕತ್ತೈತಿ."

"ಏನು ಕಾಯಾಕತ್ತೈತ್ರೀ ಮಾವಾರ?"

ಅವರು ಭುಜ ಹಾರಿಸಿ ಕಿವಿ ಮುಟ್ಟಿ ತೋರಿಸಿದರು. ಕೇಳು ಎಂದು. ಮತ್ತೆ ಒತ್ತಿದೆ. ಕೇಳಿದೆ. ಖರೆಯೇ. ಟೋನು ಬರುತ್ತಿತ್ತು, ಆದರೆ ನಂಬರು ಒತ್ತುವ ಟಿಣ್ ಟಿಣ್ ಶುರುವೇ ಆಗುತ್ತಿರಲಿಲ್ಲ. ಜೀವಮಾನವಿಡೀ ಎದುರಿನವರ ಮಾತು ಮುಗಿಯುವ ಮೊದಲೇ ಎದ್ದು ನಿಂತವರು ಈಗ ಕುರ್ಚಿಯಲ್ಲಿ ಕೂತು ಒಂದು ಡಬ್ಬಿಯ ಮೌನವನ್ನು ಕೇಳಿಸಿಕೊಂಡಿದ್ದರು.

ಕಾಯುತ್ತಿದೆ ಎಂದರೆ, ಕಾಯಬೇಕೆಂದು ಅದಕ್ಕೆ ಯಾರೋ ಎಲ್ಲೋ ಹೇಳಿರಬೇಕು. ಮತ್ತೆ ಕಿಡಕಿಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆ. ಮೊಡೆಮ್‌ನ ಗುಣಲಕ್ಷಣ ಎಂಬ ಕಿಡಕಿಯ ಒಳಗೆ, ಕೊನೆಗೆ, ಒಂದು ಚೌಕ ಸಿಕ್ಕಿತು: ನಂಬರು ತಿರುಗಿಸುವ ಮೊದಲು ಡಯಲ್ ಟೋನಿಗಾಗಿ ಕಾಯಬೇಕು. ಪಕ್ಕದಲ್ಲಿ ಅಚ್ಚುಕಟ್ಟಾದ ಸರಿ ಗುರುತು. ಆಮೇಲೆ ತಿಳಿಯಿತು, ಆ ಮೊಡೆಮ್ಮಿಗೆ ಗೊತ್ತಿದ್ದ ಟೋನು ಬೇರೆ ದೇಶದ್ದಂತೆ. ನಮ್ಮ ಜಮಖಂಡಿಯ ಗುಂಯ್ ಅನ್ನುವುದು ಅದರ ಕಿವಿಗೆ ಟೋನೇ ಅಲ್ಲ. ಹೀಗಾಗಿ ಟೋನು ಕೇಳುತ್ತಲೇ ಟೋನಿಗಾಗಿ ಕಾಯುತ್ತಿತ್ತು.

ಮೌಸಿನ ಬಾಣವನ್ನು ಆ ಚೌಕದ ಮೇಲೆ ತಂದಿಟ್ಟೆ. ಈ ಮನೆಗೆ ಬಂದಾಗಿನಿಂದ ಹಿಂದೆ ಕೂತ ಈ ಮನುಷ್ಯ ತಾವಾಗಿ ಮಾತಾಡಿಸಲಿ ಎಂದು ನಾನೂ ಕಾದಿದ್ದೆ. ನಾನು ಬೆಳೆದ ಮನೆಯಲ್ಲಿ ಮಾತು ಅಂದರೆ ಒಂದು ಥರ ಇತ್ತು. ಇವರು ಚಹಾದ ಸಕ್ಕರೆಗೆ ಕೂಗಿದ್ದು, ಅತ್ತೆಯ ಕೂಡ ಹೇಳಿ ಕಳಿಸಿದ್ದು, ನನ್ನ ಬಸ್ಸು ತಡವಾದ ದಿನ ಕಟ್ಟೆಯ ಮೇಲೆ ಸುಮ್ಮನೆ ನಿಂತಿರುತ್ತಿದ್ದುದು, ಇದಾವುದೂ ನನ್ನ ಲೆಕ್ಕದಲ್ಲಿ ಮಾತು ಆಗಿರಲಿಲ್ಲ. ಇರಲಿ. ಸರಿ ಗುರುತು ತೆಗೆದೆ. ಒತ್ತಿದೆ.

ಟಿಣ್ ಟಿಣ್ ಎಂದು ನಂಬರು ಹೋಯಿತು. ಆಮೇಲೆ ಕಬ್ಬಿಣದ ತಗಡು ಎಳೆದಂತೆ ಕಿರ್ರೆಂದು, ಕುಂಯ್ಯೆಂದು, ಭುಸ್ಸೆಂದು ಏನೇನೋ ಕೂಗಾಡಿ, ತೆರೆಯ ಮೂಲೆಯಲ್ಲಿ ಎರಡು ಪುಟ್ಟ ಕಂಪ್ಯೂಟರ್‌ಗಳು ಕಣ್ಣು ಮಿಟುಕಿಸಿದವು. ಕೂಡಿತು! ನಾನು ತಿರುಗಿ ನೋಡಿದರೆ ಮಾವನವರು ಎದ್ದು ನಿಂತಿದ್ದರು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಓಡಿ ಬಂದು, "ಏನರೆ ಸುಟ್ಟಿತೇನಬೇ? ಫೋನರೆ ಉಳದೈತ್ಯೋ ಇಲ್ಲೊ?" ಎಂದು ನೋಡಲು ರಿಸೀವರ್ ಎತ್ತಿದರು. ಎರಡಕ್ಕೂ ತಂತಿ ಒಂದೇ, ಸಂಪರ್ಕ ಅಲ್ಲಿಗೇ ಕಡಿದುಹೋಯಿತು. ಮಾವನವರು ಪಾಟಿಯ ಮೇಲೆ ದೊಡ್ಡದಾಗಿ ಏನನ್ನೋ ಬರೆದು ಹೆಂಡತಿಗೆ ತೋರಿಸಿದರು. ಅತ್ತೆ ನನ್ನ ಕಡೆ ನೋಡಿದರು. ಓದಿ ಹೇಳುವಂಥದ್ದಾಗಿರಲಿಲ್ಲ. "ಫೋನ್ ಎತ್ತಬ್ಯಾಡ್ರಿ ಅಂತ ಬರದಾರ್ರೀ ಅತ್ತಿಯಾರ" ಎಂದಷ್ಟೇ ಹೇಳಿದೆ. ಎಷ್ಟೋ ತಿಂಗಳ ಮೇಲೆ ಮಾವನವರ ಭುಜ ನಗುವಿನಿಂದ ಅಲುಗಿದ್ದನ್ನು ಕಂಡೆ.

ಆಗ ಅವರಿಗೆ ಕಾರಣ ಹೇಳಿದೆ. ಮುಖ ಗಂಟಿಕ್ಕಿ ಕೇಳಿದರು. ಒಲ್ಲೆ ಎಂದು ಬರೆಯಲಿಲ್ಲ.

ರವಿವಾರ ಮುಂಜಾನೆ, ಫೋನಿನಲ್ಲಿ ಹೊತ್ತು ಗೊತ್ತುಮಾಡಿಕೊಂಡು, ನಾನು ಇಂಟರ್ನೆಟ್ ಹಚ್ಚಿಕೊಟ್ಟೆ. ಆ ತುದಿಯಲ್ಲಿ ವೈಶಾಲಿ, ಅವಳ ಪಕ್ಕದ ಮಂಚದ ಮೇಲೆ ಇಂದೂತಾಯಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಿತ್ತು. ಇಂದೂತಾಯಿಗೆ ಇಂಗ್ಲಿಷ್ ಅಕ್ಷರ ಬಾರದು, ವೈಶಾಲಿಗೆ ಕನ್ನಡ ಬಾರದು. ಏನೆಂದು ತಿಳಿಯದೆಯೇ ಅವಳು ಗಟ್ಟಿಯಾಗಿ ಓದಬೇಕು, ಇಂದೂತಾಯಿ ಕೇಳಬೇಕು, ಅವರು ಹೇಳಿದ್ದನ್ನು ಅವಳು ಕಿವಿಗೆ ಬಿದ್ದಂತೆ ಟೈಪು ಮಾಡಬೇಕು. ಮಾವನವರು ಒಂದೇ ಬೆರಳಿನಿಂದ, ಒಂದೊಂದು ಅಕ್ಷರವನ್ನೂ ಹುಡುಕಿ ಹಿಡಿದು ಒತ್ತಿದರು. ಅಕ್ಕಾ, ನಾನು ಬಾಪೂ.

ಬಹಳ ಹೊತ್ತಿನ ಮೇಲೆ ಉತ್ತರ ಬಂತು. "ಇದು ವೈಶಾಲಿ ದನಿ. ಬಾಪೂ ಅಂತ ನಾ ಹೆಂಗ ನಂಬಲಿ? ನೀವೆಲ್ಲಾ ಸೇರಿ ನನಗ ಸಮಾಧಾನ ಮಾಡಾಕತ್ತೀರಿ."

ಮಾವನವರು ನನ್ನ ಕಡೆ ನೋಡಿದರು. ಅಷ್ಟರಲ್ಲಿ ಇನ್ನೊಂದು ಸಾಲು ಬಂತು. "ಬಾಪೂ ಇದ್ರ ಹೇಳು. ನಾ ಲಗ್ನ ಆಗಿ ಹೋಗೂ ದಿನ ಗಾಡಿ ಹಿಂದ ಓಡಿ ಬಂದಿದ್ದಿ. ಏನಂದಿ?"

ಅವರು ಕೀಲಿಮಣೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಒತ್ತತೊಡಗಿದರು. ಹಿಂದೆ ನಿಂತು ನಾನು ಓದಿದೆ: "ನನ್ನ ಬುಗರಿ ಎಲ್ಲಿಟ್ಟಿ, ಹೇಳಿ ಹೋಗು."

ಮರಾಠಿ ನಾಲಿಗೆಯಲ್ಲಿ ವೈಶಾಲಿ ಅದನ್ನು ಹೇಗೆ ಓದಿದಳೋ ತಿಳಿಯದು. ಮುಂದೆ ಅವಳೇ ಹೇಳಿದಳು: ಓದಿದ ಕೂಡಲೇ ತನ್ನ ಅತ್ತೆ ಸೆರಗು ಬಾಯಿಗಿಟ್ಟುಕೊಂಡರಂತೆ, ಅಳುತ್ತಾರೋ ನಗುತ್ತಾರೋ ಗೊತ್ತಾಗದೆ ಇವಳು ಹೆದರಿದಳಂತೆ. ನಮ್ಮ ತೆರೆಯ ಮೇಲೆ ಮಾತ್ರ ಇಷ್ಟೇ ಬಂತು: "ದೇವರ ಮನಿ ಮಾಡದಾಗ ಇಟ್ಟೇನಿ ಅಂತ ಅವತ್ತ ಹೇಳಿದ್ನೆಲ್ಲೋ. ಗಾಡಿ ಸಪ್ಪಳದಾಗ ನಿನಗ ಕೇಳಸಲಿಲ್ಲ. ಎಲ್ಲಾರೂ ನೀ ನನ್ನ ಸಲುವಾಗಿ ಅಳಾಕತ್ತಿದ್ದಿ ಅಂದ್ರು."

ಮಾವನವರು ಎದ್ದು ದೇವರ ಮನೆಯ ತನಕ ಹೋದರು. ಗೋಡೆಯ ಗೂಡಿನಂಥ ಆ ಮಾಡವನ್ನು ಎಂದೋ ಮುಚ್ಚಿ ಗಿಲಾವು ಮಾಡಿಯಾಗಿತ್ತು. ಗೋಡೆಯನ್ನು ಒಂದಿಷ್ಟು ಹೊತ್ತು ನೋಡಿ ಬಂದು ಕೂತು ಒತ್ತಿದರು: "ನಿನ್ನ ಸಲುವಾಗೇ ಅತ್ತಿದ್ದೆ, ಹುಚ್ಚಿ. ಬುಗರಿ ನೆವ."

ಏನೂ ತಿಳಿಯದ ವೈಶಾಲಿ ತನ್ನ ಅತ್ತೆಯ ಮುಖ ನೋಡುತ್ತ ಗಟ್ಟಿಯಾಗಿ ಹುಚ್ಚಿ ಎಂದು ಓದಿದಳು. ಅದರ ಅರ್ಥ ಅವಳಿಗೆ ತಿಳಿದದ್ದು ಬಹಳ ದಿನದ ಮೇಲೆ. ಅಷ್ಟರೊಳಗೆ ಅಕ್ಕನ ಮೇಲೆ ತಮ್ಮನಿಗಿದ್ದ ಎಲ್ಲ ಬೈಗುಳವನ್ನೂ ಅವಳು ತನ್ನ ಅತ್ತೆಗೆ ಒಪ್ಪಿಸಿ ಮುಗಿಸಿದ್ದಳು. ಸೊಸೆಯಂದಿರಿಗೆ ಇಂಥ ಭಾಗ್ಯ ಸುಮ್ಮನೆ ಸಿಗುವುದಿಲ್ಲ.

ಹೀಗೆ ರವಿವಾರಗಳು ಮರಳಿ ಬಂದವು. ಗೊಂದಲಗಳಿಗೇನೂ ಕಡಿಮೆಯಿರಲಿಲ್ಲ. ಹಲ್ಲು ನೋಯುತ್ತಿದೆ ಎಂದು ಇವರು ಬರೆದರೆ ಅಲ್ಲಿ ಅದು ಹಾಲು ಆಗಿ, "ಹಾಲು ನೋಯಾಕತ್ತೈತಿ ಅಂದ್ರ ಏನೋ ಬಾಪೂ?" ಎಂಬ ಪ್ರಶ್ನೆ ಬರುತ್ತಿತ್ತು. ಕರೆಂಟು ಹೋಗುತ್ತಿತ್ತು, ಜಗಳ ನಡುವೆ ನಿಲ್ಲುತ್ತಿತ್ತು, ಮುಂದಿನ ವಾರ ನಿಂತಲ್ಲಿಂದ ಶುರುವಾಗುತ್ತಿತ್ತು. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದರೆ ಇಂಟರ್ನೆಟ್ಟಿನಲ್ಲಿ ಅದು ಚೀರಿದಂತೆ ಎಂದು ವೈಶಾಲಿ ತಿಳಿಸಿದ ದಿನದಿಂದ ಮಾವನವರು ದೊಡ್ಡಕ್ಷರ ಬಿಟ್ಟು ಬೇರೆ ಬರೆಯಲಿಲ್ಲ. ಕಕ್ಷಿದಾರರು ಬಂದರೆ ಒಳಗೆ ಹೋಗಿ ಮಲಗುವುದೂ ನಿಂತಿತು. ಪಾಟಿ ಹಿಡಿದು ಕಟ್ಟೆಗೆ ಬಂದು ಕೂಡತೊಡಗಿದರು. ತಮ್ಮ ಕೈಯಲ್ಲಿದ್ದ ಕೇಸುಗಳನ್ನು ಇನ್ನೊಬ್ಬ ವಕೀಲರಿಗೆ ಒಪ್ಪಿಸಿ, ಯಾವ ಮಾತನ್ನು ಹೇಗೆ ಎತ್ತಬೇಕೆಂದು ಕಂಪ್ಯೂಟರಿನಲ್ಲಿ ಪುಟಗಟ್ಟಲೆ ಬರೆದು ಕಳಿಸುವ ಮಟ್ಟಿಗೆ ಬಂದರು. ಈ ಟಿವಿ ಯಾಕೆ ಬೇಕಾಗಿತ್ತೆಂದು ಅತ್ತೆ ಈಗ ಕೇಳುವ ಹಾಗಾಯಿತು.

ಮಳೆಗಾಲ ಕಳೆದು, ಎಲುಬು ಕೂಡಿ, ಕೋಲಿನ ಆಸರೆಯಲ್ಲಿ ನಡೆಯುವಂತಾದ ಮೇಲೆ ಇಂದೂತಾಯಿ ಜಮಖಂಡಿಗೆ ಬಂದರು. ಅವರ ಮಗ ಕರೆತಂದು ಬಿಟ್ಟು ಹೋದರು. ಒಳಗೆ ಬಂದವರೇ ಯಾರನ್ನೂ ಮಾತಾಡಿಸದೆ ತಮ್ಮನ ಎದುರು ಕೂತು ಕುತ್ತಿಗೆಯ ಬಿಳಿ ಬಟ್ಟೆಯ ಮೇಲೆ ಮೆಲ್ಲಗೆ ಬೆರಳಿಟ್ಟರು. ಅತ್ತೆ, ನಮ್ಮವರು, ನಾನು ಮೂವರೂ ಏನಾದರೊಂದು ಕೆಲಸ ನೆನೆದು ಒಳಗೆ ಹೋದೆವು.

ಮತ್ತೆ ನಾನು ಹೊರಗೆ ಬಂದಾಗ ಪಾಟಿಯ ಸಂಗಡ ಫಜೀತಿ ನಡೆದಿತ್ತು. ಇವರು ಬರೆಯುವುದು, ಪೊರೆ ಬಂದ ಕಣ್ಣಿಗೆ ಅವರು ಅದನ್ನು ಹತ್ತಿರ ಹಿಡಿಯುವುದು, ಕಾಣದೆ ತಿರುಗಿ ಕೊಡುವುದು. ಎರಡು ಸಾಲಿಗೆ ಪಾಟಿ ತುಂಬುತ್ತಿತ್ತು, ಒರೆಸುವುದರೊಳಗೆ ಹೇಳಬೇಕಾದದ್ದು ಮರೆಯುತ್ತಿತ್ತು. ಕೊನೆಗೆ ಮಾವನವರು ಎದ್ದು ಕಂಪ್ಯೂಟರ್ ಶುರು ಮಾಡಿದರು. ಅಕ್ಕನ ಕುರ್ಚಿ ಎಳೆದು ಪಕ್ಕಕ್ಕಿಟ್ಟರು. ಆ ದಿನ ತಂತಿ ಬೇಕಿರಲಿಲ್ಲ, ನಂಬರು ತಿರುಗಿಸಬೇಕಿರಲಿಲ್ಲ. ಬರೀ ಬಿಳಿ ಹಾಳೆಯೊಂದನ್ನು ತೆರೆದು ಬರೆಯತೊಡಗಿದರು. ಇಂದೂತಾಯಿ ನನ್ನ ಕೈ ಹಿಡಿದು ಎಳೆದು, "ವೈಶಾಲಿ ಇಲ್ಲ. ನೀ ಓದವ್ವಾ" ಎಂದರು.

ಓದಿದೆ. ಅಕ್ಕಾ ನೀ ಬಾಳ ತೆಳ್ಳಗಾಗಿ, ಎಂದೆ. ನಿನ್ನ ಕೋಲು ನೋಡಿ ಮಾಸ್ತರ ನೆನಪಾತು, ಎಂದೆ. ಆಪರೇಷನ್ ಮಾಡಿಸ್ಕೊಂಡು ಎಚ್ಚರಾದಾಗ ಮೊದಲ ನಿನ್ನ ಹೆಸರಲೆ ಕೂಗಿದ್ದೆ, ನರ್ಸ್ ಬಂದು ನೀರು ಬೇಕೇನ್ರೀ ಅಂದ್ಲು, ಎಂದೆ. ವೈಶಾಲಿಗೆ ಅರ್ಥ ತಿಳಿಯದೆ ಓದುವ ಸುಖವಿತ್ತು. ನನಗೆ ಪ್ರತಿ ಸಾಲಿನ ಅರ್ಥವೂ ತಿಳಿಯುತ್ತಿತ್ತು. ಇಂದೂತಾಯಿ ನನ್ನನ್ನು ನೋಡುತ್ತಿರಲಿಲ್ಲ. ತಮ್ಮನ ಮುಖವನ್ನೇ ನೋಡುತ್ತ, ಅಲ್ಲಿಂದಲೇ ದನಿ ಬರುತ್ತಿದೆಯೆಂಬಂತೆ ಕೇಳುತ್ತಿದ್ದರು, ಉತ್ತರ ಕೊಡುತ್ತಿದ್ದರು, ಬೈಯುತ್ತಿದ್ದರು.

ಮಾವನವರ ಬೆರಳು ಒಂದು ಕಡೆ ನಿಂತಿತು. ಏನೋ ಯೋಚಿಸಿ ಮತ್ತೆ ಒತ್ತಿದರು. ತೆರೆಯ ಮೇಲೆ ಒಂದೊಂದೇ ಅಕ್ಷರ ಬಂತು, ಈ ಸಲ ಸಣ್ಣಕ್ಷರದಲ್ಲಿ. ಸಾಲು ಪೂರ್ತಿಯಾದ ಮೇಲೆ ಅದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡೆ.

"ಯಾಕ ನಿಂತಿ?" ಎಂದರು ಇಂದೂತಾಯಿ. "ಏನು ಬರದಾನ? ಓದು."

ಮಾವನವರು ತಿರುಗಿ ನೋಡಲಿಲ್ಲ. ಕೀಲಿಮಣೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಬೇರೆ ಏನಾದರೂ ಓದಿ ಪಾರಾಗಬಹುದಿತ್ತು, ಇಂದೂತಾಯಿಗೇನು ಅಕ್ಷರ ಕಾಣುತ್ತಿರಲಿಲ್ಲ. ಆದರೆ ಕಿವಿ ಕೊಟ್ಟು ಕೂತವರು ಒಬ್ಬರಲ್ಲ, ಇಬ್ಬರು. ಓದಿದೆ.

"ಅಕ್ಕಾ, ದನಿ ಇದ್ದಾಗ ನಾ ಈ ಸೊಸಿ ಕೂಡ ಮಾತಾಡಲಿಲ್ಲ. ಊರ ಮಂದಿಗೆಲ್ಲಾ ಮಾತಾಡಿದೆ, ಮನ್ಯಾಗಿನ ಈಕೀಗೆ ಒಂದು ಛಲೋ ಮಾತು ಆಡಲಿಲ್ಲ. ಈಗ ನನ್ನ ಮಾತೆಲ್ಲಾ ಈಕಿ ಬಾಯಾಗ ಅದಾವು. ನೀ ಹೋದ ಮ್ಯಾಲ ಈ ಮನ್ಯಾಗ ನನ್ನ ಮಾತು ಕೇಳಿದಾಕಿ ಈಕಿ."

ಈಕಿ ಎಂದು ಬರೆದಲ್ಲೆಲ್ಲ ಈಕಿ ಎಂದೇ ಓದಿ ಮುಗಿಸಿದೆ. ಇಂದೂತಾಯಿ ಆಗಲೂ ನನ್ನ ಕಡೆ ನೋಡಲಿಲ್ಲ. ತಮ್ಮನ ಕಡೆಗೇ ಮುಖ ಮಾಡಿ, ಅವರ ಬೆನ್ನ ಮೇಲೆ ಕೈಯಾಡಿಸಿ ಹೇಳಿದರು:

"ಇವತ್ತ ಛಲೋ ಮಾತಾಡಿದಿ ನೋಡು, ಬಾಪೂ."